ಆ ಮನೆಯ ಉಪ್ಪು

"ಮನೇಲಿರೋದು ಏನು ಬೇಕಾದ್ರೂ ಬಳಸ್ಕೊಳ್ಳಿ ಅಮ್ಮಾ. ಅಡುಗೆಮನೇಲಿರೋ ಉಪ್ಪನ್ನ ಮಾತ್ರ ಮುಟ್ಟಬೇಡಿ."

ಬೀಗದ ಕೈಯನ್ನು ಗೇಟಿನ ಸರಳುಗಳ ನಡುವಿನಿಂದ ಚಾಚುತ್ತ ಮುದುಕಿ ಹೇಳಿದ್ದು ಇಷ್ಟೇ. ಮಧ್ಯಾಹ್ನ ಇನ್ನೂ ಮುಗಿದಿರಲಿಲ್ಲ, ಆದರೆ ಚಳಿಗಾಲದ ಬೆಳಕು ಆಗಲೇ ಸೋತು ಗೋಡೆಗಳ ಬುಡಕ್ಕೆ ಇಳಿದಿತ್ತು. ಇನ್‌ಸ್ಪೆಕ್ಟರಮ್ಮ ಸತ್ತ ಜಿರಲೆಯನ್ನು ಮೀಸೆ ಹಿಡಿದು ಎತ್ತುವ ಹಾಗೆ ಎರಡೇ ಬೆರಳಿನಲ್ಲಿ ಬೀಗದ ಕೈ ತೆಗೆದುಕೊಂಡು, ಕರವಸ್ತ್ರದಿಂದ ಒರೆಸಿದಳು.

"ಯಾಕೆ, ಇಲಿ ಬಿದ್ದಿದ್ಯಾ?"

"ಇಲಿ ಅಲ್ಲ." ಮುದುಕಿ ಕಾರಿನ ಹಿಂದಿನ ಸೀಟಿನತ್ತ ನೋಡಿದಳು. ಅಲ್ಲಿ ಐದು ವರ್ಷದ ಪುಟ್ಟಿ ಗಾಜಿಗೆ ಮೂಗು ಒತ್ತಿಕೊಂಡಿದ್ದಳು, ಎರಡು ವರ್ಷದ ಗುಂಡ ಬಾಯಿ ತೆರೆದು ನಿದ್ದೆ ಹೋಗಿದ್ದ. "ಮಕ್ಕಳನ್ನ ಕರ್ಕೊಂಡು ಬಂದಿದ್ದೀರಿ, ಅದಕ್ಕೆ ಹೇಳ್ದೆ. ಆ ಉಪ್ಪಿಗೆ ಮಾಟ ಆಗಿದೆ."

ಇನ್‌ಸ್ಪೆಕ್ಟರಮ್ಮ ನಕ್ಕಳು. ಬಾಯಿ ತೆರೆಯದೆ ಮೂಗಿನಿಂದಲೇ ಹೊರಡುವ ಆ ನಗೆ ಊರಿನ ಊಟದ ಮನೆಗಳಿಗೆಲ್ಲ ಪರಿಚಿತ. ಆಹಾರ ಸುರಕ್ಷತಾ ಇಲಾಖೆಯಲ್ಲಿ ಹನ್ನೊಂದು ವರ್ಷದಿಂದ ಆಕೆಯ ಕೆಲಸವೇ ಹೇಳದೆ ಕೇಳದೆ ಅಡುಗೆಕೋಣೆಗಳಿಗೆ ನುಗ್ಗುವುದು, ಮುಚ್ಚಳ ಎತ್ತಿ ಮೂಸುವುದು, ಚಮಚದ ತುದಿಯಲ್ಲಿ ಬಗೆದು ಸೀಸೆಗೆ ತುಂಬಿ ಮುದ್ರೆ ಒತ್ತುವುದು, ಬಾಗಿಲಿಗೆ ನೋಟೀಸು ಅಂಟಿಸಿ ತಿರುಗಿ ನೋಡದೆ ಹೋಗುವುದು. ಎದುರಿಗೆ ಎಲ್ಲರೂ ಇನ್‌ಸ್ಪೆಕ್ಟರಮ್ಮ ಎನ್ನುತ್ತಿದ್ದರು. ಬೆನ್ನ ಹಿಂದೆ ಏನೆನ್ನುತ್ತಿದ್ದರು ಎಂಬುದೂ ಆಕೆಗೆ ಗೊತ್ತಿತ್ತು. ಅದರಲ್ಲೂ ಒಂದು ಸುಖವಿತ್ತು.

"ಉಪ್ಪಿಗೆ ಮಾಟ. ಹಾಗಾದ್ರೆ ಸಕ್ಕರೆಗೆ ಏನಾಗಿದೆ, ದೃಷ್ಟಿಯಾ?"

"ಸಕ್ಕರೆಗೆ ಏನೂ ಆಗಿಲ್ಲ." ಮುದುಕಿಗೆ ನಗೆ ಬರಲಿಲ್ಲ. "ಆ ತಿರುವಿನಲ್ಲೇ ನನ್ನ ಮನೆ. ಉಪ್ಪು ಬೇಕಾದ್ರೆ ಹೇಳಿ ಕಳಿಸಿ. ಹೊತ್ತು ಹೊತ್ತಿಗೂ ನಾನೇ ತಂದುಕೊಡ್ತೀನಿ."

"ನಿಮ್ಮ ಕೈಯಿಂದನಾ? ಉಗುರು ನೋಡ್ಕೊಂಡಿದ್ದೀರಾ ಎಂದಾದ್ರೂ?"

ಮುದುಕಿ ಬೆರಳು ಮಡಿಸಿಕೊಂಡಳು. ಪಕ್ಕದಲ್ಲಿ ಪೆಟ್ಟಿಗೆ ಇಳಿಸುತ್ತಿದ್ದ ಗಂಡ ತಲೆ ತಗ್ಗಿಸಿದ. ಆತ ಪ್ರಾಥಮಿಕ ಶಾಲೆಯ ಮೇಷ್ಟ್ರು. ಮನೆಯಲ್ಲೂ ಹೆಂಡತಿ ಅವನನ್ನು ‘ಮೇಷ್ಟ್ರೇ’ ಎಂದೇ ಕರೆಯುತ್ತಿದ್ದಳು. ಆ ಕರೆಯಲ್ಲಿ ಗೌರವ ಎಷ್ಟಿತ್ತು ಎಂದು ಕೇಳಿದವರಿಗೆಲ್ಲ ತಿಳಿಯುತ್ತಿತ್ತು. ಕ್ರಿಸ್‌ಮಸ್ ರಜೆಗೆ ಎಲ್ಲಾದರೂ ಹೋಗೋಣ ಎಂದು ಗೋಗರೆದವನು ಅವನೇ. ಹೋಗುವುದಾದರೆ ಅಡುಗೆ ನಾವೇ ಮಾಡಿಕೊಳ್ಳುವಂಥ ಮನೆ ಸಿಕ್ಕರೆ ಮಾತ್ರ ಎಂದವಳು ಇವಳು. ಹೋಟೆಲುಗಳ ಹಿಂಬಾಗಿಲು ಕಂಡವಳು ಮುಂಬಾಗಿಲಿನಿಂದ ಊಟಕ್ಕೆ ಹೋಗುವುದಾದರೂ ಹೇಗೆ?

ಮನೆ ಕಲ್ಲಿನದು, ತಗ್ಗು ಸೂರಿನದು. ಒಳಗೆ ಮುಗ್ಗಲು ವಾಸನೆ, ಹಳೇ ಕಂಬಳಿಯ ವಾಸನೆ. ನಡುಮನೆಯ ಮೂಲೆಯಲ್ಲಿ ಮಾಲೀಕರು ಬಂದವರಿಗೆಂದು ಒಂದು ಹಸಿರು ಕ್ರಿಸ್‌ಮಸ್ ಮರ ನಿಲ್ಲಿಸಿದ್ದರು. ಬುಡ ಒಣಗದಿರಲೆಂದು ಅದನ್ನು ನೀರು ತುಂಬಿದ ತಗಡಿನ ಬಕೆಟ್ಟಿನಲ್ಲಿ ಇಟ್ಟಿದ್ದರು. ಮಕ್ಕಳು ಅದನ್ನು ಕಂಡು ಕುಣಿದರು. ಹಿಂಬದಿಯಲ್ಲಿ ಪುಟ್ಟ ಅಂಗಳ. ಅಂಗಳದ ಕೊನೆಗೆ ಮೊಣಕಾಲೆತ್ತರದ ಕಟ್ಟೆಯ ನೀರಿನ ತೊಟ್ಟಿ. ಮೇಲೆ ದಪ್ಪ ಹಲಗೆಗಳು, ಹಲಗೆಗಳ ಮೇಲೆ ಇಬ್ಬರು ಗಂಡಸರು ಎತ್ತಬೇಕಾದಂಥ ಎರಡು ಕಲ್ಲು. ಮಕ್ಕಳಿರುವ ಮನೆಗೆ ಇಷ್ಟು ಭದ್ರ ಇರಬೇಕಾದದ್ದೇ ಎಂದು ಇನ್‌ಸ್ಪೆಕ್ಟರಮ್ಮ ಒಪ್ಪಿಕೊಂಡಳು. ಇಡೀ ಮನೆಯಲ್ಲಿ ಆಕೆ ಒಪ್ಪಿಕೊಂಡದ್ದು ಅದೊಂದನ್ನೇ.

ಅಡುಗೆಮನೆಯಲ್ಲಿ ಆಕೆಯ ಮೂಗು ಚುರುಕಾಯಿತು. ತಳ ಸೀದ ಬಾಣಲೆ, ಮೊಂಡು ಚಾಕು, ಒಂದಕ್ಕೊಂದು ಜೋಡಿಯಲ್ಲದ ಚಮಚಗಳು. ಶೆಲ್ಫಿನಲ್ಲಿ ಹಿಂದೆ ಬಂದವರು ಬಿಟ್ಟುಹೋದ ಸಾಮಾನು: ಕ್ಲಿಪ್ಪು ಹಾಕಿದ ಅರ್ಧ ಪೊಟ್ಟಣ ಟೀಪುಡಿ, ಗಟ್ಟಿಯಾದ ಸಕ್ಕರೆ, ಬೆರಳೆತ್ತರ ಎಣ್ಣೆ. ಕೆಳಗಿನ ಹಲಗೆಯ ಮೇಲೆ, ಬೇರೆ ಏನೂ ಹತ್ತಿರವಿಲ್ಲದೆ, ಒಂದು ಬಿಳಿ ಭರಣಿ. ಮುಚ್ಚಳ ತೆಗೆದಳು. ಕಂಠದ ತನಕ ಉಪ್ಪು. ಒದ್ದೆ ಕೂದಲು ಒಣಗುವಾಗ ಬರುವಂಥದ್ದೊಂದು ವಾಸನೆ ಕ್ಷಣಕಾಲ ಬಂದು ಹೋಯಿತು. ನಾಲಿಗೆಯ ತುದಿಗೆ ಒಂದು ಕಾಳು ಇಟ್ಟುಕೊಂಡಳು. ಉಪ್ಪು. ಬರೀ ಉಪ್ಪು.

ಆ ಸಂಜೆ ಗೊತ್ತಾಯಿತು: ಮೇಷ್ಟ್ರು ಉಪ್ಪಿನ ಪೊಟ್ಟಣವನ್ನು ಊರಿನ ಮನೆಯಲ್ಲೇ ಮರೆತು ಬಂದಿದ್ದರು.

"ಪಟ್ಟಿ ಬರೆದು ಕೈಗೆ ಕೊಟ್ರೂ ಮರೀತೀರಲ್ಲ, ನಿಮ್ಮ ಹತ್ರ ಓದಿದ ಮಕ್ಕಳ ಗತಿ ಏನು ಮೇಷ್ಟ್ರೇ?"

"ಅಂಗಡಿ ದೂರ. ಈ ಹೊತ್ತಿಗೆ ಮುಚ್ಚಿರುತ್ತೆ. ನಾನು ಹೋಗಿ ಆ ಅಜ್ಜೀನ ಕೇಳಿ ತರ್ತೀನಿ."

"ಆ ಅಜ್ಜಿ ಕೈಗಿಂತ ಮಾಟವೇ ಶುಚಿ." ಆಕೆ ಭರಣಿಗೆ ಚಮಚ ಹಾಕಿದಳು. "ಉಪ್ಪು ಕೆಡೋ ಪದಾರ್ಥ ಅಲ್ಲ ರೀ. ಹುಳ ಆಗಲ್ಲ, ಬೂಸ್ಟು ಹಿಡಿಯಲ್ಲ. ಉಪ್ಪಲ್ಲಿ ಯಾವುದೂ ಬದುಕಲ್ಲ."

ಆಲೂಗೆಡ್ಡೆ, ಬಟಾಣಿ, ಮೊಟ್ಟೆ. ಮಕ್ಕಳು ತಟ್ಟೆ ನೆಕ್ಕಿದರು. ಇನ್‌ಸ್ಪೆಕ್ಟರಮ್ಮ ತಾನೂ ಎರಡು ಸಲ ಬಡಿಸಿಕೊಂಡಳು, ಗಂಡನಿಗೆ ಕಾಣುವ ಹಾಗೆ. ಮೇಷ್ಟ್ರು ಹಸಿವಿಲ್ಲವೆಂದು ಬ್ರೆಡ್ಡಿಗೆ ಜಾಮು ಹಚ್ಚಿಕೊಂಡು ಕೂತಿದ್ದರು.

"ನೋಡು ಪುಟ್ಟಿ, ಅಪ್ಪನಿಗೆ ಗುಮ್ಮನ ಹೆದರಿಕೆ," ಎಂದಳು. ಪುಟ್ಟಿ ತುತ್ತು ತುಂಬಿದ ಬಾಯಿ ಮುಚ್ಚಿಕೊಂಡೇ ನಕ್ಕಳು. ಆ ನಗೆ ತನ್ನದರಂತೆಯೇ ಮೂಗಿನಿಂದ ಹೊರಟಿತೆಂದು ಅಮ್ಮನಿಗೆ ಹೆಮ್ಮೆಯಾಯಿತು.

ಬೆಳಿಗ್ಗೆ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟ ಸದ್ದು. ಪುಟ್ಟಿ ಸ್ಟೂಲಿನ ಮೇಲೆ ನಿಂತು ಲೋಟ ತುಂಬಿಸಿ ಕುಡಿಯುತ್ತಿದ್ದಳು. ತುಂಬಿಸಿದಳು, ಕುಡಿದಳು. ಮತ್ತೆ ತುಂಬಿಸಿದಳು. ಗಂಟಲು ಗಳಗಳ ಎನ್ನುತ್ತಿತ್ತು. ತುಟಿಯ ಸುತ್ತ ಬಿಳಿ ಗೆರೆ ಮೂಡಿತ್ತು, ಒಣಗಿದ ಕೆರೆಯ ದಂಡೆಯಲ್ಲಿ ಮೂಡುವಂಥದ್ದು.

"ಸಾಕು ಬಿಡೇ, ಹೊಟ್ಟೆ ನೋವು ಬರುತ್ತೆ."

"ಬಾಯಾರಿಕೆ ಅಮ್ಮ."

"ಹೀಟರ್ ಹಾಕಿದ್ವಲ್ಲ, ಗಾಳಿ ಒಣಗಿರುತ್ತೆ," ಎಂದು ಇನ್‌ಸ್ಪೆಕ್ಟರಮ್ಮ ತನಗೇ ಹೇಳಿಕೊಂಡಳು. ಹೀಟರ್ ಆರಿಸಿದಳು. ಒಳಗಿನ ಕೋಣೆಯಲ್ಲಿ ಗುಂಡ ಸದ್ದಿಲ್ಲದೆ ಕೂತಿದ್ದ. ನೆಲ ಒರೆಸುವ ಒದ್ದೆ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಚೀಪುತ್ತಿದ್ದ. ಕಿತ್ತುಕೊಂಡರೆ ಚೀರಬೇಕಾದ ಮಗು ಚೀರಲಿಲ್ಲ. ಬಾಯಿ ಅಗಲಿಸಿತು, ಮುಖ ಕಿವಿಚಿತು, ಸದ್ದು ಬರಲಿಲ್ಲ. ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ.

ಅಷ್ಟರಲ್ಲಿ ನಡುಮನೆಯಿಂದ ಮೇಷ್ಟ್ರು ಕರೆದರು. ಕರೆದ ದನಿ ವಿಚಿತ್ರವಾಗಿತ್ತು.

ಹಸಿರು ಮರ ಅಲುಗುತ್ತಿತ್ತು. ಕೊಂಬೆಗಳ ಕೆಳಗಿನಿಂದ ಪುಟ್ಟಿಯ ಎರಡು ಕಾಲು ಹೊರಚಾಚಿದ್ದವು. ಒಳಗೆ, ಬಣ್ಣದ ಗಾಜಿನ ಗುಂಡುಗಳ ಅಡಿಯಲ್ಲಿ, ತಗಡಿನ ಬಕೆಟ್ಟಿಗೆ ಮುಖವಿಟ್ಟು ಆಕೆ ಕುಡಿಯುತ್ತಿದ್ದಳು. ನಾಲಿಗೆಯಿಂದ ಲೊಚಲೊಚನೆ ನೆಕ್ಕುವ ಸದ್ದು. ಎಳೆದು ಹೊರಗೆ ತಂದರೆ ಗಲ್ಲಕ್ಕೆಲ್ಲ ಹಸಿರು ಸೂಜಿಯೆಲೆ ಅಂಟಿತ್ತು, ಬಾಯಿಂದ ಮರದ ಅಂಟಿನ ಕಹಿ ವಾಸನೆ ಬರುತ್ತಿತ್ತು. ಬಕೆಟ್ಟಿನ ತಳ ಕಾಣುತ್ತಿತ್ತು.

ಇನ್‌ಸ್ಪೆಕ್ಟರಮ್ಮನಿಗೆ ಭಯವಾಯಿತು. ಆದರೆ ಆಕೆಯ ಭಯ ಓದಿದವರ ಭಯ. ಮಕ್ಕಳಿಗೆ ಸಕ್ಕರೆ ಕಾಯಿಲೆ ಏಕಾಏಕಿ ಬಂದರೆ ಹೀಗೇ ನೀರಡಿಕೆಯಾಗುತ್ತದೆಂದು ಎಲ್ಲೋ ಓದಿದ್ದಳು. ಒಂದು ಗಂಟೆಯೊಳಗೆ ಪಟ್ಟಣದ ಆಸ್ಪತ್ರೆಯಲ್ಲಿದ್ದರು. ರಜೆಯ ಪಾಳಿಯ ಡಾಕ್ಟರು ಹುಡುಗಿಯಂಥವಳು, ತಲೆಯ ಮೇಲೆ ಕೆಂಪು ಕಾಗದದ ಟೊಪ್ಪಿ ಇತ್ತು. ಅದನ್ನು ನೋಡಿಯೇ ಇನ್‌ಸ್ಪೆಕ್ಟರಮ್ಮ ತುಟಿ ಕೊಂಕಿಸಿದಳು. ರಕ್ತ ಪರೀಕ್ಷೆಯಾಯಿತು. ಸಕ್ಕರೆ ಸರಿಯಾಗಿತ್ತು.

"ಇಷ್ಟು ಕುಡಿದ್ರೂ ಮೈಯಲ್ಲಿ ನೀರು ನಿಲ್ತಾ ಇಲ್ಲ," ಡಾಕ್ಟರು ಗುಂಡನ ಹೊಟ್ಟೆಯ ಚರ್ಮ ಚಿವುಟಿ ಬಿಟ್ಟು ನೋಡಿದಳು. ಚಿವುಟಿದ ಮಡಿಕೆ ನಿಧಾನಕ್ಕೆ ಇಳಿಯಿತು. "ಬರೀ ನೀರು ಕೊಟ್ರೆ ಆಗಲ್ಲ. ಓಆರ್‌ಎಸ್ ಪುಡಿ ನಮ್ಮಲ್ಲಿ ಖಾಲಿ, ಔಷಧಿ ಅಂಗಡಿನೂ ಮುಚ್ಚಿದೆ. ಮನೇಲೇ ಮಾಡ್ಕೊಳ್ಳಿ. ಒಂದು ಲೀಟರು ಕಾಯಿಸಿ ಆರಿಸಿದ ನೀರು, ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ನಾಳೆಗೂ ಹೀಗೇ ಇದ್ರೆ ತಕ್ಷಣ ಕರ್ಕೊಂಡ್ಬನ್ನಿ, ಡ್ರಿಪ್ ಹಾಕೋಣ."

"ಅದನ್ನ ನೀವು ನನಗೆ ಹೇಳ್ಕೊಡಬೇಕಾಗಿಲ್ಲ," ಎಂದಳು ಇನ್‌ಸ್ಪೆಕ್ಟರಮ್ಮ.

ವಾಪಸು ಬರುವಾಗ ತಿರುವಿನ ಮನೆಯ ಹತ್ತಿರ ಮೇಷ್ಟ್ರು ಕಾರು ನಿಧಾನ ಮಾಡಿದರು. ಮುದುಕಿ ಬಾಗಿಲಲ್ಲಿ ನಿಂತಿದ್ದಳು.

"ಉಪ್ಪು ಒಂದನ್ನ ಇಲ್ಲಿಂದ ಇಸ್ಕೊಳ್ಳೋಣ ಕಣೇ. ಹೋಗೋದೇನಿದೆ?"

"ಮರ್ಯಾದೆ. ಡಾಕ್ಟರು ಉಪ್ಪು ಅಂದ್ರು. ಯಾರ ಮನೆ ಉಪ್ಪು ಅಂತ ಹೇಳಿದ್ರಾ? ಓಡ್ಸಿ."

ಮೇಷ್ಟ್ರು ಓಡಿಸಿದರು. ಆಮೇಲೆ ಎಷ್ಟೋ ದಿನ, ಆ ಹೊತ್ತಿನಲ್ಲಿ ತಮ್ಮ ಕಾಲು ಬ್ರೇಕಿನ ಮೇಲಿತ್ತು ಎಂಬುದನ್ನು ಅವರು ನೆನೆಸಿಕೊಳ್ಳುತ್ತಿದ್ದರು.

ಆಕೆ ಸಕ್ಕರೆ ಚಮಚವನ್ನು ಚಾಕುವಿನಿಂದ ಸವರಿ ಮಟ್ಟ ಮಾಡಿದಳು. ಉಪ್ಪನ್ನು ಬೆಳಕಿಗೆ ಹಿಡಿದು ಅಳೆದಳು. ಭರಣಿಯಿಂದ ಎರಡು ದಿನದಲ್ಲಿ ಮೂರ್ನಾಲ್ಕು ಚಮಚ ತೆಗೆದಿದ್ದರೂ ಉಪ್ಪು ಮೊದಲಿನಂತೆ ಕಂಠದ ತನಕ ಇತ್ತು. ಅದು ಕಣ್ಣಿಗೆ ಬಿತ್ತು. ಬಿದ್ದರೂ ಬೀಳಲಿಲ್ಲವೆಂದುಕೊಂಡು ಮುಚ್ಚಳ ಹಾಕಿದಳು. ಹತ್ತು ಹತ್ತು ನಿಮಿಷಕ್ಕೆ ಗಡಿಯಾರ ನೋಡಿ, ತನ್ನ ಕೈಯಾರೆ ಚಮಚ ಚಮಚವಾಗಿ ಇಬ್ಬರಿಗೂ ಕುಡಿಸಿದಳು. ಯಾರಿಗೂ ಬಿಟ್ಟುಕೊಡಲಿಲ್ಲ.

ಕ್ರಿಸ್‌ಮಸ್ ದಿನದ ಬೆಳಗು ಬೂದಿಯ ಬಣ್ಣದ್ದು. ಮರದ ಬುಡದಲ್ಲಿ ಉಡುಗೊರೆಯ ಪೊಟ್ಟಣಗಳು ಬಿಚ್ಚದೆ ಬಿದ್ದಿದ್ದವು. ಮಕ್ಕಳ ತುಟಿ ಸೀಳಿ ರಕ್ತ ಒಣಗಿತ್ತು, ದಿಂಬಿನ ಮೇಲೆ ತಲೆಯಿಟ್ಟ ಕಡೆ ಬಿಳಿಯ ಹುಡಿ ಉದುರಿತ್ತು. ಗುಂಡ ಹಿಂಬಾಗಿಲಿನ ಹೊಸ್ತಿಲ ಮೇಲೆ ಕಿವಿಯಿಟ್ಟು ಮಲಗಿದ್ದ. ಪುಟ್ಟಿ ಕಿಟಕಿಯಲ್ಲಿ ನಿಂತು ಅಂಗಳ ನೋಡುತ್ತಿದ್ದಳು.

"ಅಲ್ಲೊಬ್ಬಳು ಅಕ್ಕ ಇದ್ದಾಳೆ ಅಮ್ಮ." ದನಿ ಒಣಗಿದೆಲೆ ಉಜ್ಜಿದಂತಿತ್ತು. "ಅವಳ ಹತ್ರ ತುಂಬಾ ನೀರಿದೆ. ಆದ್ರೂ ಅವಳಿಗೆ ಬಾಯಾರಿಕೆಯಂತೆ."

"ಎಲ್ಲಿದ್ದಾಳೆ?"

"ಹಲಗೆ ಕೆಳಗೆ."

ಮೇಷ್ಟ್ರು ಎದ್ದರು. ಮದುವೆಯಾದ ಮೇಲೆ ಮೊದಲ ಸಲ ಹೆಂಡತಿಯ ಮುಖ ನೋಡದೆ ಮಾತಾಡಿದರು. "ಮಕ್ಕಳನ್ನ ಕಂಬಳಿ ಹೊದಿಸಿ ಸಿದ್ಧ ಮಾಡು, ಆಸ್ಪತ್ರೆಗೆ ಹೋಗೋಣ. ಅದಕ್ಕೆ ಮುಂಚೆ ಆ ಅಜ್ಜೀನ ಕರ್ಕೊಂಡು ಬರ್ತೀನಿ."

"ಹೋಗಿ. ಬರುವಾಗ ನಿಂಬೆಹಣ್ಣು, ಕುಂಕುಮಾನೂ ತನ್ನಿ. ಮೇಷ್ಟ್ರು ಮಂತ್ರವಾದಿಯ ಶಿಷ್ಯರಾಗ್ಲಿ."

ಬಾಗಿಲು ಹಾಕಿಕೊಂಡಿತು. ಆಕೆ ದಾರಿಗೆಂದು ಇನ್ನೊಂದು ಬಾಟಲಿ ಬೆರೆಸಲು ಅಡುಗೆಮನೆಗೆ ಹೋದಳು. ನೀರು, ಸಕ್ಕರೆ, ಉಪ್ಪು. ಚಮಚ ಗಾಜಿಗೆ ತಾಗಿ ಕಿಣಿಕಿಣಿ ಎಂದಿತು. ಕಲಕುವುದನ್ನು ನಿಲ್ಲಿಸಿದಳು. ಮನೆಯಲ್ಲಿ ಸದ್ದೇ ಇರಲಿಲ್ಲ. ಮಕ್ಕಳ ಉಸಿರಿಲ್ಲ, ಅಡಿಯ ಸದ್ದಿಲ್ಲ.

ಆಮೇಲೆ ಹೊರಗಿನಿಂದ ಬಂತು. ಕಲ್ಲಿನ ಮೇಲೆ ಮರ ಎಳೆಯುವ ಸದ್ದು. ನಿಧಾನವಾಗಿ. ಕರ್ರ್.

ಬಾಟಲಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಹಿಂಬಾಗಿಲು ತೆರೆದೇ ಇತ್ತು. ಇಬ್ಬರು ಗಂಡಸರು ಎತ್ತಬೇಕಾದ ಕಲ್ಲುಗಳು ಹುಲ್ಲಿನ ಮೇಲೆ ಪಕ್ಕಪಕ್ಕದಲ್ಲಿ ಕೂತಿದ್ದವು. ಹಲಗೆ ಸರಿದಿತ್ತು. ಗುಂಡ ಕಟ್ಟೆಯ ಮೇಲೆ ಕೂತು ಕಾಲನ್ನು ಒಳಗೆ ಇಳಿಬಿಟ್ಟಿದ್ದ. ಆಕೆ ಓಡಿದಳು. ಅವನ ಅಂಗಿಯ ಕುತ್ತಿಗೆ ಹಿಡಿದು ಹಿಂದಕ್ಕೆ ಎಸೆದಳು. ಹುಲ್ಲಿಗೆ ಬಿದ್ದ. ಪುಟ್ಟಿ? ಪುಟ್ಟಿ ಕಟ್ಟೆಯ ಆಚೆ ಬದಿಯಲ್ಲಿ ಹೊಟ್ಟೆಯ ಮೇಲೆ ಬಾಗಿದ್ದಳು. ಎರಡೂ ತೋಳು ನೀರೊಳಗಿದ್ದವು. ಮುಖ ನೀರಿನಿಂದ ಒಂದು ಗೇಣು ಮೇಲೆ. ಕಾಲು ನೆಲ ಬಿಟ್ಟಿತ್ತು.

ಆಕೆ ಸೊಂಟ ಹಿಡಿದು ಎಳೆದಳು. ಬರಲಿಲ್ಲ. ಐದು ವರ್ಷದ ಮಗು. ಅಕ್ಕಿಮೂಟೆಗಿಂತ ಭಾರ. ಮತ್ತೆ ಎಳೆದಳು. ಕೆಳಗಿನಿಂದ ಯಾರೋ ಎಳೆದರು. ಜೋರಾಗಿ ಅಲ್ಲ. ಮಕ್ಕಳು ಆಟದಲ್ಲಿ ಕೈ ಜಗ್ಗುವ ಹಾಗೆ. ಪುಟ್ಟಿಯ ಗಲ್ಲ ನೀರಿಗೆ ತಾಗಿತು. ನೀರು ಕಪ್ಪಗಿತ್ತು. ಆ ಕಪ್ಪಿನಲ್ಲಿ ಪುಟ್ಟಿಯ ಮಣಿಕಟ್ಟಿನ ಸುತ್ತ ಬಿಳಿಯ ಬೆರಳುಗಳು. ಚಿಕ್ಕವು. ಉಗುರು ಇರಲಿಲ್ಲ.

ಆಕೆ ಮತ್ತೆ ಎಳೆದಳು. ಪುಟ್ಟಿಯ ಕೆಳತುಟಿ ಮುಳುಗಿತು.

ಓಡಿ ಬರುವ ಹೆಜ್ಜೆಗಳು. ಮೇಷ್ಟ್ರು ಮಗುವಿನ ಕಾಲು ಹಿಡಿದರು. ಹಿಂದೆ ಏದುಸಿರು ಬಿಡುತ್ತ ಮುದುಕಿ.

"ಎಳೀಬೇಡಿ. ಎಳೆದಷ್ಟೂ ಎಳೀತಾಳೆ. ಅಮ್ಮಾ, ಉಪ್ಪು ಹಾಕಿದ ಕೈ ಯಾರ್ದು?"

"ನಂದು."

"ಹಾಗಾದ್ರೆ ಮಗೂನ ಬಿಡಿ. ಆ ಕೈಯಿಂದಲೇ ಅವಳಿಗೆ ನೀರು ಕೊಡಿ."

"ಅವಳು ನೀರಲ್ಲೇ ಇದ್ದಾಳಲ್ಲ."

"ನೀರಲ್ಲಿದ್ರೆ ಏನು? ಯಾರೂ ಕೊಟ್ಟಿಲ್ಲ. ಕೊಟ್ರೆ ಬಿಡ್ತಾಳೆ. ಬದಲಿಗೆ ನಿಮ್ಮದೂ ಏನೋ ಒಂದು ಹೋಗುತ್ತೆ, ಏನು ಅಂತ ನಂಗೊತ್ತಿಲ್ಲ. ಬೇಗ."

ಪುಟ್ಟಿಯ ಮೂಗಿನ ಹೊಳ್ಳೆಯ ಹತ್ತಿರ ಗುಳ್ಳೆ ಎದ್ದಿತು.

ಮಗಳ ಸೊಂಟದಿಂದ ಕೈ ಬಿಡಿಸಿಕೊಳ್ಳುವುದು ಆಕೆ ತನ್ನ ಜೀವನದಲ್ಲಿ ಮಾಡಿದ ಕೆಲಸಗಳಲ್ಲೇ ಕಷ್ಟದ್ದು. ಬಿಟ್ಟಳು. ಮೊಣಕಾಲೂರಿದಳು. ಎರಡೂ ಅಂಗೈ ಜೋಡಿಸಿ ನೀರು ಮೊಗೆದಳು. ಕತ್ತಲೆಯತ್ತ ಚಾಚಿದಳು. ಏನೂ ಆಗಲಿಲ್ಲ.

"ಕರೀರಿ ಅಮ್ಮಾ. ಬಾಯ್ತುಂಬ ಕರೀರಿ."

ಅಂಥ ಮಾತು ಆಕೆಯ ನಾಲಿಗೆಗೆ ಅಭ್ಯಾಸವಿರಲಿಲ್ಲ. "ಕುಡಿ," ಎಂದಳು. "ಬಾ ಕಂದಾ. ಕುಡಿ."

ನೀರು ಅಲುಗಿತು. ಏನೋ ಮೇಲೆ ಬಂತು. ಆಕೆ ಕಣ್ಣು ಮುಚ್ಚಿಕೊಂಡಳು. ಅಂಗೈ ಅಂಚಿಗೆ ತುಟಿ ತಾಗಿತು. ಮಂಜುಗಡ್ಡೆಯಂಥ ತುಟಿ. ಹೀರಿತು. ಅಂಗೈ ಖಾಲಿಯಾಯಿತು. ಪಕ್ಕದಲ್ಲಿ ಬುಳಕ್ಕನೆ ಸದ್ದು. ಪುಟ್ಟಿ ಹಿಂದಕ್ಕೆ, ಅಪ್ಪನ ಮೇಲೆ, ಇಬ್ಬರೂ ಹುಲ್ಲಿನ ಮೇಲೆ. ಕೆಮ್ಮು. ಮತ್ತೆ ಕೆಮ್ಮು. ಆಮೇಲೆ ಅಳು. ದೊಡ್ಡ ಅಳು, ಕಣ್ಣೀರಿನ ಅಳು.

"ನಿಲ್ಲಿಸಬೇಡಿ," ಎಂದಳು ಮುದುಕಿ. "ಸಾಕು ಅನ್ನೋ ತನಕ ಕೊಡ್ತಾ ಇರಿ."

ಆಕೆ ಮೊಗೆದಳು, ಕೊಟ್ಟಳು. ಮೊಗೆದಳು, ಕೊಟ್ಟಳು. ಬೆರಳು ಮರಗಟ್ಟಿತು. ಬೆನ್ನು ಸೆಟೆಯಿತು. ಪ್ರತಿಸಲವೂ ಆ ತುಟಿ ಬಂದು ತಾಗಿತು. ಮುದುಕಿ ಕಟ್ಟೆಗೆ ಒರಗಿ ಕೂತು ತೊಟ್ಟಿಯತ್ತಲೇ ನೋಡುತ್ತ ಹೇಳಿದಳು.

"ನನ್ನ ಮಗಳು. ಮೂವತ್ತು ವರ್ಷ ಆಯ್ತು. ನಾನು ಈ ಮನೇಲಿ ಅಡುಗೆಗಿದ್ದೆ. ಹೀಗೇ ಕ್ರಿಸ್‌ಮಸ್‌ಗೆ ಮಕ್ಕಳನ್ನ ಕರ್ಕೊಂಡು ಬಂದಿದ್ರು ಒಬ್ರು. ಇವಳಿಗೆ ಜ್ವರ. ನಾನು ಸೌದೆಗೆ ಹೋಗಿದ್ದೆ. ಆ ಯಮ್ಮನ್ನ ನೀರು ಕೇಳಿದ್ದಾಳೆ. ಈ ಲೋಟ ನಿಮ್ಮಂಥವರಿಗಲ್ಲ, ಹೋಗು ಹಿಂದೆ ಅಂದಿದ್ದಾರೆ. ಹಿಂದೆ ಬಂದಳು. ಬಗ್ಗಿದಳು."

ಇನ್‌ಸ್ಪೆಕ್ಟರಮ್ಮ ಮೊಗೆದಳು, ಕೊಟ್ಟಳು.

"ಮಾಟ ಮಾಡ್ದವಳು ನಾನೇ. ಅವಳ ಕೂದಲು ಸುಟ್ಟು ಉಪ್ಪಿಗೆ ಬೆರೆಸಿದೆ. ಉಪ್ಪು ತಿಂದವರು ನೀರು ಕುಡೀಲಿ, ದೊಡ್ಡವರಿಗಲ್ಲ, ಅವರ ಮಕ್ಕಳಿಗೆ ತಟ್ಟಲಿ ಅಂದೆ. ಆ ಯಮ್ಮನ ಇಬ್ಬರೂ ಮಕ್ಕಳು ಇದೇ ತೊಟ್ಟೀಲಿ ಹೋದ್ವು. ಅಷ್ಟಕ್ಕೆ ನಿಲ್ಲುತ್ತೆ ಅಂದ್ಕೊಂಡಿದ್ದೆ. ನಿಲ್ಲಲಿಲ್ಲ. ಭರಣಿ ಒಡೆದು ಹಾಕಿದ್ದೀನಿ, ಹೂತು ಹಾಕಿದ್ದೀನಿ. ಬೆಳಿಗ್ಗೆ ನೋಡಿದ್ರೆ ಶೆಲ್ಫಲ್ಲಿ ತುಂಬಿಕೊಂಡು ಕೂತಿರುತ್ತೆ. ಅದಕ್ಕೇ ಬೀಗದ ಕೈ ನಾನೇ ಇಟ್ಕೊಂಡಿದ್ದೀನಿ. ಬಂದವರಿಗೆಲ್ಲ ಹೇಳ್ತೀನಿ. ಎಲ್ಲರೂ ಕೇಳಿದ್ರು. ನೀವೊಬ್ರೇ ಕೇಳಲಿಲ್ಲ."

"ನೀವೇ ಯಾಕೆ ನೀರು ಕೊಡಲಿಲ್ಲ ಇವಳಿಗೆ?" ಮಕ್ಕಳಿಬ್ಬರನ್ನೂ ಕಂಬಳಿಯಲ್ಲಿ ಸುತ್ತಿ ಹಿಡಿದಿದ್ದ ಮೇಷ್ಟ್ರು ಮೆಲ್ಲಗೆ ಕೇಳಿದರು.

"ದಿನಾ ಹಲಗೆ ಸಂದಿಯಿಂದ ಕೊಡ್ತೀನಿ. ಮಾಟ ಮಾಡಿದ ಕೈ, ಇದರಿಂದ ಕುಡಿಯಲ್ಲ."

ಬೆಳಕು ತಗ್ಗಿ ಅಂಗಳದ ಹುಲ್ಲು ಕಪ್ಪಾಗುವ ಹೊತ್ತಿಗೆ ಅಂಗೈಯಲ್ಲಿ ನೀರು ಉಳಿಯಿತು. ತುಟಿ ಬರಲಿಲ್ಲ. ತೊಟ್ಟಿಯ ಒಳಗಿನಿಂದ, ತುಂಬ ಹತ್ತಿರದಿಂದ, ನಿದ್ದೆಗಣ್ಣಿನ ಮಗುವಿನ ದನಿ ಕೇಳಿಸಿತು.

"ಸಾಕಮ್ಮ."

ಇನ್‌ಸ್ಪೆಕ್ಟರಮ್ಮನಿಗೆ ಹೇಳಿದ್ದು ಅದು. ಮುದುಕಿ ಎದ್ದು ನಿಂತಳು. ಮೂವತ್ತು ವರ್ಷ ಕಾದ ಮಾತು ಇನ್ನೊಬ್ಬಳ ಪಾಲಾದದ್ದನ್ನು ಕೇಳಿಸಿಕೊಂಡು, ಸೆರಗಿನಿಂದ ಮುಖ ಒರೆಸಿಕೊಂಡು, ಯಾರನ್ನೂ ನೋಡದೆ ಗೇಟು ದಾಟಿ ಹೋದಳು. ಒಳಗೆ ಶೆಲ್ಫಿನಲ್ಲಿ ಭರಣಿ ಖಾಲಿಯಾಗಿತ್ತು. ತಳದಲ್ಲಿ ಒಂದು ಕಾಳೂ ಇರಲಿಲ್ಲ.

ಮಕ್ಕಳು ಆ ರಾತ್ರಿ ಆಸ್ಪತ್ರೆಯಲ್ಲಿ ಮಲಗಿದರು, ಮರುದಿನ ಆಟವಾಡಿದರು. ಊರಿಗೆ ಬಂದ ಮೇಲೆ ಎರಡು ದಿನ ಅಪ್ಪನ ಕೈಯ ಬ್ರೆಡ್ಡು, ಹಾಲಿನಲ್ಲೇ ಕಳೆಯಿತು. ಮೂರನೆಯ ದಿನ ಇನ್‌ಸ್ಪೆಕ್ಟರಮ್ಮ ಒಲೆ ಹಚ್ಚಿದಳು. ಪುಟ್ಟಿ ಮೊದಲ ತುತ್ತು ಬಾಯಿಗಿಟ್ಟು ಹಾಗೇ ತಟ್ಟೆಗೆ ಉಗುಳಿದಳು.

"ಉಪ್ಪು ಅಮ್ಮ."

ಗುಂಡನೂ ಉಗುಳಿದ. ಮೇಷ್ಟ್ರು ರುಚಿ ನೋಡಿ, ಹೆಂಡತಿಯ ಮುಖ ನೋಡಿ, ಎದ್ದು ಬಾಯಿ ತೊಳೆದು ಬಂದರು. ಆಕೆ ತಿಂದಳು. ಆಕೆಗೆ ಎಲ್ಲ ಸರಿಯಾಗಿಯೇ ಇತ್ತು. ಇನ್ನೊಮ್ಮೆ ಉಪ್ಪೇ ಹಾಕದೆ ಮಾಡಿದಳು. ಹಾಗೂ ಉಪ್ಪು. ಸೇಬು ಹೆಚ್ಚಿ ಕೊಟ್ಟರೆ ಉಪ್ಪು. ಹಾಲು ಬಗ್ಗಿಸಿ ಕೊಟ್ಟರೆ ಉಪ್ಪು. ನಲ್ಲಿಯ ನೀರನ್ನು ಲೋಟದಲ್ಲಿ ಹಿಡಿದು ಕೊಟ್ಟರೆ ಕಡುಉಪ್ಪು. ಅದೇ ನೀರನ್ನು ಮಕ್ಕಳು ತಾವೇ ಹಿಡಿದುಕೊಂಡರೆ ಏನೂ ಇಲ್ಲ.

ಆಕೆ ತಾನು ಕೊಟ್ಟ ನೀರನ್ನು ಸೀಸೆಗೆ ತುಂಬಿ, ಮುದ್ರೆ ಒತ್ತಿ, ಇಲಾಖೆಯ ಪ್ರಯೋಗಾಲಯ ಸಹಾಯಕನಿಗೆ ಕೊಟ್ಟಳು. ಅವನು ಎರಡು ಸಲ ಪರೀಕ್ಷಿಸಿದ.

"ಶುದ್ಧ ಕುಡಿಯೋ ನೀರು ಮೇಡಂ. ಏನಿತ್ತು ಇದ್ರಲ್ಲಿ?"

"ಉಪ್ಪು."

"ಯಾರು ಹೇಳಿದ್ದು?"

"ನನ್ನ ಮಕ್ಕಳು."

ಅವನು ವರದಿಯ ಹಾಳೆಯನ್ನು ನೀಟಾಗಿ ಮಡಿಸಿ ಕೊಟ್ಟ. ಸ್ವಲ್ಪ ದಿನ ರಜೆ ತಗೊಳ್ಳಿ ಮೇಡಂ, ಎಂದ. ಆಕೆ ಹೊರಗೆ ಕಾಲಿಡುವ ಮೊದಲೇ ಪಕ್ಕದವನ ಕಿವಿಯಲ್ಲಿ ಏನೋ ಹೇಳಿದ. ಇಬ್ಬರೂ ನಕ್ಕರು.

ಮೇಷ್ಟ್ರು ಅಡುಗೆ ಕಲಿತರು. ಬಡಿಸುವವರೂ ಅವರೇ. ಮಕ್ಕಳು ಅಮ್ಮನ ಹತ್ತಿರ ಮಲಗುತ್ತಿದ್ದರು, ಮುತ್ತು ಕೊಡುತ್ತಿದ್ದರು. ಬಾಯಿಗೆ ಹೋಗುವ ಯಾವುದನ್ನೂ ಆಕೆಯ ಕೈಯಿಂದ ತೆಗೆದುಕೊಳ್ಳುತ್ತಿರಲಿಲ್ಲ. ತುತ್ತು ಮಾಡಿ ಹತ್ತಿರ ತಂದರೆ ಗುಂಡ ತುಟಿ ಬಿಗಿದು ತಲೆ ತಿರುಗಿಸುತ್ತಿದ್ದ.

ಚಳಿ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಗುಂಡನಿಗೆ ಜ್ವರ ಏರಿತು. ಮೇಷ್ಟ್ರು ಪುಟ್ಟಿಯನ್ನು ಕರೆದುಕೊಂಡು ಶಾಲೆಗೆ ಹೋಗಿದ್ದರು, ಫೋನು ಎತ್ತಲಿಲ್ಲ. ಮಗು ಮೈಮೇಲೆ ಎಚ್ಚರವಿಲ್ಲದೆ ನೀರು, ನೀರು ಎನ್ನುತ್ತಿತ್ತು. ಆಕೆ ಚಮಚ ಹಿಡಿದಳು. ಉಗುಳಿತು. ಹತ್ತಿಯಲ್ಲಿ ಅದ್ದಿ ಹಿಂಡಿದಳು. ಓಕರಿಸಿತು. ಲೋಟವನ್ನು ಅದರ ಕೈಗೇ ಕೊಡೋಣವೆಂದರೆ ಹಿಡಿಯಲು ಬೆರಳಲ್ಲಿ ಬಲವಿಲ್ಲ.

ಆಕೆ ಎದುರುಮನೆಯ ಬಾಗಿಲು ತಟ್ಟಿದಳು. ಆ ಮನೆಯಾಕೆ ಹಿಂದೆ ಆಫೀಸಿನವರಿಗೆ ಊಟದ ಡಬ್ಬಿ ಕಟ್ಟಿ ಕೊಡುತ್ತಿದ್ದವಳು. ಸಿಂಕಿನ ಕೆಳಗೆ ಒಂದು ಒದ್ದೆ ಗೋಣಿ ಇತ್ತೆಂದು ಇನ್‌ಸ್ಪೆಕ್ಟರಮ್ಮ ಅಂಟಿಸಿದ ಒಂದು ನೋಟೀಸಿಗೆ ಅದು ನಿಂತುಹೋಗಿತ್ತು. ಅಲ್ಲಿಂದೀಚೆಗೆ ಇಬ್ಬರಿಗೂ ಮಾತಿರಲಿಲ್ಲ. ಬಾಗಿಲು ತೆರೆದಾಕೆ ಇವಳನ್ನು ಅಡಿಯಿಂದ ಮುಡಿಯ ತನಕ ನೋಡಿದಳು.

"ನನ್ನ ಮಗೂಗೆ ಒಂದು ಲೋಟ ನೀರು ಕುಡಿಸ್ತೀರಾ?"

"ನಿಮ್ಮನೇಲಿ ನೀರಿಲ್ವಾ?"

"ಇದೆ."

"ಮತ್ತೆ ಕೈ ಇಲ್ವಾ?"

ಇನ್‌ಸ್ಪೆಕ್ಟರಮ್ಮ ತನ್ನ ಎರಡೂ ಅಂಗೈ ನೋಡಿಕೊಂಡಳು. ಎದುರುಮನೆಯಾಕೆ, "ಹಾಲು ಒಲೆ ಮೇಲಿದೆ. ಉಕ್ಕಿಸಿ ಇಳಿಸಿ ಬರ್ತೀನಿ. ಅಲ್ಲೇ ನಿಂತಿರಿ," ಎಂದು ಒಳಗೆ ಹೋದಳು.

ಆಕೆ ಅಲ್ಲೇ ನಿಂತಳು. ಆಚೆಯಿಂದ ಮಗು ನೀರು ಕೇಳುತ್ತಲೇ ಇತ್ತು. ಹಾಲು ಉಕ್ಕಲು ಬಹಳ ಹೊತ್ತು ಹಿಡಿಯಿತು.